ಶೀಟಿನ ಮಾಡಿನ ಕೆಳಗೆ ಕಪ್ಪು ಐದು

ಮೊನ್ನೆ ಸಂಜೆ ಕಾಫಿ ಲೋಟ ಕೈಗೆತ್ತಿಕೊಳ್ಳುವ ಹೊತ್ತಿಗೆ ವಾಟ್ಸಾಪಿಗೆ ಒಂದು ರೆಕಾರ್ಡಿಂಗ್ ಬಂತು. ಕಳಿಸಿದವಳು ಅನುಷಾ, ಈ ವರ್ಷವಷ್ಟೇ ಒಂದು ಹೈಸ್ಕೂಲಿಗೆ ಸಂಗೀತ ಶಿಕ್ಷಕಿಯಾಗಿ ಸೇರಿದ ಹುಡುಗಿ. ನಾನು ನಿವೃತ್ತಳಾಗಿ ಸಾಗರದಲ್ಲಿ ಕೂತ ಮೇಲೆ ಇಂಥ ಇಬ್ಬರು ಮೂವರು ಹೊಸಬರು ಆಗಾಗ ಏನಾದರೂ ಕೇಳುತ್ತಿರುತ್ತಾರೆ. ‘ಸಮೂಹಗಾನದ ಪ್ರಾಕ್ಟೀಸ್ ಮೇಡಂ, ಹೇಗಿದೆ ಹೇಳಿ’ ಎಂದು ಬರೆದಿದ್ದಳು. ಕಿವಿಗೆ ಹಿಡಿದೆ. ಮೊದಲು ಕೇಳಿಸಿದ್ದು ಶೀಟಿನ ಮಾಡಿನ ಮೇಲೆ ಸುರಿಯುವ ಮಳೆ. ಅದನ್ನು ಮೀರಿಸಲು ಹೊರಟ ಎಂಟು ಮಕ್ಕಳ ಕೂಗು ಆಮೇಲೆ. ಆ ಎಂಟರಲ್ಲಿ ಒಬ್ಬಳ ದನಿ ಎಲ್ಲರಿಗಿಂತ ಮುಂದಿತ್ತು. ಅದು ಮೇಲಕ್ಕೆ ಹೋದಾಗಲೆಲ್ಲ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಒಂದು ಸಣ್ಣ ಕರಕರ ಕೇಳುತ್ತಿತ್ತು.

ಕಾಫಿ ಆರಿಹೋಯಿತು. ಅದೇ ಕರಕರವನ್ನು ನಾನು ಹಿಂದೊಮ್ಮೆ ಕೇಳಿದ್ದೆ, ಕೇಳಿ ಖುಷಿಪಟ್ಟಿದ್ದೆ. ತಕ್ಷಣ ಅನುಷಾಳಿಗೆ ಫೋನ್ ಮಾಡಿದೆ.

“ಆ ಮುಂದೆ ಹಾಡೋ ಹುಡುಗಿ ಗಂಟಲು ಯಾವತ್ತಿಂದ ಹಾಗಿದೆ?”

“ನಾಲ್ಕೈದು ದಿನ ಆಯ್ತು ಮೇಡಂ. ಶೀತ ಅನ್ಸತ್ತೆ. ಕಷಾಯ ಕೊಡ್ತಿದೀವಿ.”

“ನಾಳೆಯಿಂದ ಅವಳನ್ನ ಹಾಡಿಸ್ಬೇಡ. ಮೊದ್ಲು ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ ಗಂಟಲು ತೋರ್ಸು.”

“ಅಯ್ಯೋ, ಸ್ಪರ್ಧೆಗೆ ಇನ್ನು ಹತ್ತೇ ದಿನ ಇರೋದು ಮೇಡಂ!”

“ಅದಕ್ಕೇ ಹೇಳ್ತಿರೋದು.”

ನನ್ನ ದನಿ ಗಡುಸಾಯಿತೇನೋ. ಹುಡುಗಿ “ಸರಿ ಮೇಡಂ, ತೋರಿಸ್ತೀನಿ” ಎಂದಳು. ಯಾಕೆ ಎಂದು ಬರೆದು ಕಳಿಸುತ್ತೇನೆ ಎಂದು ನಾನು ಹೇಳಿದೆ. ಎರಡು ಪುಟದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ, ಮುಗಿಯಲಿಲ್ಲ.

ನನಗೆ ಹಾಡು ಕಲಿಸಿದವರು ನನ್ನ ಸೋದರತ್ತೆ. ಸಾಗರದ ಪಕ್ಕದ ಹಳ್ಳಿಯಲ್ಲಿ ಅವರ ಮನೆ. ಬೆಳಗ್ಗೆ ಐದಕ್ಕೆ ಎಬ್ಬಿಸಿ ಹಾರ್ಮೋನಿಯಂ ಎದುರು ಕೂರಿಸುತ್ತಿದ್ದರು. ಅವರ ಶ್ರುತಿ ಕಪ್ಪು ಐದು, ಅಂದರೆ ಹಾರ್ಮೋನಿಯಂನ ಐದನೇ ಕಪ್ಪು ಮನೆಯೇ ಅವರ ಷಡ್ಜ. ಹೆಂಗಸರಿಗೂ ಅದು ಎತ್ತರದ ಶ್ರುತಿಯೇ. ಅತ್ತೆಯದು ಕಪ್ಪು ಐದು, ಹಾಗಾಗಿ ನನ್ನದೂ ಕಪ್ಪು ಐದು. ನನ್ನ ಗಂಟಲನ್ನು ಯಾರೂ ಕೇಳಲಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ ಒಮ್ಮೆ ದನಿ ಪೂರ್ತಿ ಕೂತುಹೋಗಿ ನಾನು ಅತ್ತಾಗ ಅತ್ತೆ ನಕ್ಕು ಬೆನ್ನು ತಟ್ಟಿದ್ದರು.

“ಗಂಟ್ಲು ಒಂದ್ಸಲ ಒಡೆಯವು ಕೂಸೆ. ಒಡದ್ಮೇಲೆ ತಂತಾನೆ ಕೂಡ್ತು. ಎಂಗೊ ಎಲ್ಲಾ ಹಂಗೇ ಕಲ್ತದ್ದು.”

ಗಂಟಲು ಒಮ್ಮೆ ಒಡೆಯಲೇಬೇಕು, ತಾವೆಲ್ಲ ಕಲಿತದ್ದೂ ಹಾಗೇ ಎನ್ನುವುದು ಅವರ ನಂಬಿಕೆ. ನನ್ನದು ಹೇಗೋ ಕೂಡಿತು. ಕೂಡದೆ ಹೋದವರು ಹಾಡುವುದನ್ನೇ ಬಿಟ್ಟಿದ್ದರು, ಹಾಗಾಗಿ ಅವರ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ಇದು ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು.

ನನ್ನ ಮೊದಲ ಶಾಲೆ ಹೊಸನಗರ ತಾಲ್ಲೂಕಿನಲ್ಲಿ, ಹುಲಿಕಲ್ ಕಡೆ ಹೋಗುವ ರಸ್ತೆಯ ಮಗ್ಗುಲಲ್ಲಿ. ಸಂಗೀತಕ್ಕೆ ಕೊಟ್ಟಿದ್ದು ಹಿಂದುಗಡೆಯ ಶೀಟಿನ ಕೋಣೆ. ಮಗ್ಗುಲಲ್ಲೇ ಬಿಸಿಯೂಟದ ಅಡುಗೆಮನೆ, ನಡುವೆ ಒಂದೇ ಗೋಡೆ. ಜೂನ್ ಹಿಡಿದರೆ ಸೆಪ್ಟೆಂಬರ್‌ತನಕ ಮಳೆ. ಮಕ್ಕಳ ಸ್ಪರ್ಧೆಗಳೂ ಅದೇ ತಿಂಗಳುಗಳಲ್ಲಿ. ಮಾಡಿನ ಮೇಲೆ ಮಳೆ ಬಿದ್ದಾಗ ಪಕ್ಕದವನು ಹಾಡಿದ್ದು ಪಕ್ಕದವನಿಗೇ ಕೇಳುವುದಿಲ್ಲ. ಕೇಳದೆ ಹೋದರೆ ಮಕ್ಕಳು ಏನು ಮಾಡುತ್ತಾರೆ? ಕಿರುಚುತ್ತಾರೆ. ನಾನು “ಇನ್ನೂ ಜೋರು, ಇನ್ನೂ ಜೋರು” ಎಂದು ಬೆಂಕಿಗೆ ತುಪ್ಪ ಹಾಕುತ್ತಿದ್ದೆ.

ತುಪ್ಪ ಹಾಕುವ ಇನ್ನೊಬ್ಬರು ನಮ್ಮ ಹೆಡ್‌ಮಾಸ್ಟರು. ದಾವಣಗೆರೆ ಕಡೆಯವರು, ಮಳೆ ಕಂಡರೆ ಮೈಯೆಲ್ಲ ಉರಿ. ಸಂಗೀತದ ಗಂಧಗಾಳಿ ಇರಲಿಲ್ಲ, ಆದರೆ ಬಹುಮಾನದ ಆಸೆ ವಿಪರೀತ. ಪ್ರಾಕ್ಟೀಸ್ ಶುರುವಾದರೆ ಕೊಡೆ ಹಿಡಿದು ಗೇಟಿನ ತನಕ ಹೋಗಿ ನಿಲ್ಲುವರು. ಹಾಡು ಅಲ್ಲಿಗೆ ಕೇಳಿದರೆ ಕೈ ಎತ್ತುವುದು, ಕೇಳದಿದ್ದರೆ ಕೊಡೆ ಅಲ್ಲಾಡಿಸುವುದು.

“ರಸ್ತೆಗೆ ಕೇಳ್ಬೇಕು ಮೇಡಂ. ರಸ್ತೆಗೆ ಕೇಳ್ದಿದ್ರೆ ಅದೆಂಥ ಸಮೂಹ?”

ನಗಬೇಡ ಅನುಷಾ. ನಾನೂ ಆಗ ಅವರ ಬೆನ್ನ ಹಿಂದೆ ನಗುತ್ತಿದ್ದೆ, ಎದುರಿಗೆ ಕೊಡೆ ಅಲ್ಲಾಡಿದ ತಕ್ಷಣ ಮಕ್ಕಳ ಮೇಲೆ ರೇಗುತ್ತಿದ್ದೆ.

ಉಸಿರಿನ ವಿಷಯದಲ್ಲೂ ನನ್ನದು ಅಷ್ಟೇ ಅಜ್ಞಾನ. “ಎದೆ ಉಬ್ಬಿಸಿ, ಭುಜ ಎತ್ತಿ, ಹಿಡ್ಕೊಳ್ಳಿ” ಎಂದು ಎಣಿಸುತ್ತ ನಿಲ್ಲುತ್ತಿದ್ದೆ. ಒಂದು ಹುಡುಗಿ ಇಪ್ಪತ್ತು ಎಣಿಸುವಷ್ಟರಲ್ಲಿ ತಲೆ ತಿರುಗಿ ಬೆಂಚಿಗೆ ಒರಗಿದಳು. ನೀರು ಚಿಮುಕಿಸಿ ಎಬ್ಬಿಸಿ, ನಾಳೆ ಇಪ್ಪತ್ತೈದು ಎಣಿಸಬೇಕು ಎಂದೆ. ಭುಜ ಎತ್ತಿದರೆ ಗಂಟಲು ಬಿಗಿಯುತ್ತದೆ, ಉಸಿರು ಹೋಗಬೇಕಾದದ್ದು ಪಕ್ಕೆಲುಬಿನ ಕೆಳಗೆ ಎಂದು ನನಗೆ ಹೇಳಿದವರೇ ಇರಲಿಲ್ಲ. ಆಮೇಲಿನ ವರ್ಷಗಳಲ್ಲಿ ಮಕ್ಕಳನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿ ಹೊಟ್ಟೆಯ ಮೇಲೆ ಸಮಾಜ ವಿಜ್ಞಾನದ ಪುಸ್ತಕ ಇಡುತ್ತಿದ್ದೆ. ಪುಸ್ತಕ ಮೆಲ್ಲಗೆ ಏರಬೇಕು, ಮೆಲ್ಲಗೆ ಇಳಿಯಬೇಕು. ಅಷ್ಟೇ ಪಾಠ. ಆ ಪುಸ್ತಕದಿಂದ ಅಷ್ಟಾದರೂ ಉಪಯೋಗವಾಯಿತು ಎನ್ನುವ ಮಕ್ಕಳೂ ಇದ್ದರು.

ಪೂರ್ಣಿಮಾ ಒಂಬತ್ತನೇ ತರಗತಿಗೆ ಬಂದದ್ದು ನನ್ನ ನಾಲ್ಕನೇ ಮಳೆಗಾಲದಲ್ಲಿ. ಎಲ್ಲರೂ ಪೂರ್ಣಿ ಅನ್ನುತ್ತಿದ್ದರು. ಅವಳಮ್ಮ ಗಿರಿಜಮ್ಮ ನಮ್ಮ ಬಿಸಿಯೂಟದ ಅಡುಗೆಯವರು. ಮೊದಲ ದಿನ ಪೂರ್ಣಿ ಬಾಯಿ ತೆರೆದಾಗ ನಾನು ಹಾರ್ಮೋನಿಯಂನ ತಿದಿ ಒತ್ತುವುದನ್ನೇ ನಿಲ್ಲಿಸಿದೆ. ಬೆಳಗಿನ ಹೊತ್ತು ಬಾವಿಯಿಂದ ಮೊದಲ ಕೊಡ ಮೇಲೆ ಬಂದ ಹಾಗಿತ್ತು, ತಣ್ಣಗೆ, ತುಂಬಿಕೊಂಡು. ಗೋಡೆಯ ಆಚೆ ಸೌಟಿನ ಸದ್ದೂ ನಿಂತಿತು. ಇಷ್ಟು ವರ್ಷ ಕಾದಿದ್ದು ಇದಕ್ಕೇ ಅಂದುಕೊಂಡೆ. ಆ ಮಗುವಿನ ಗಂಟಲನ್ನು ಅವತ್ತಿನಿಂದಲೇ ನನ್ನದು ಅಂದುಕೊಂಡೆ, ತಪ್ಪು ಶುರುವಾದದ್ದು ಅಲ್ಲೇ.

ಅವಳ ಸಹಜ ದನಿ ಸ್ವಲ್ಪ ತಗ್ಗಿನದು. ಮಾತಾಡಿಸಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ನಾನು ಕಪ್ಪು ಐದಕ್ಕೇ ಹಾಡಿಸಿದೆ. ಆ ವರ್ಷದ ಹಾಡಿಗೆ ರಾಗ ಹಾಕಿದವಳೂ ನಾನೇ. ಎರಡನೇ ಚರಣದಲ್ಲಿ ಹಾಡು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಮೇಲಿನ ಪಂಚಮಕ್ಕೆ ಹೋಗಿ ನಿಲ್ಲಬೇಕು. ಉಳಿದ ಏಳು ಮಕ್ಕಳಿಗೆ ಅದು ಎಟುಕುತ್ತಿರಲಿಲ್ಲ. ಪೂರ್ಣಿ ಒಬ್ಬಳೇ ಎದೆ ಕಟ್ಟಿ ಕೂಗಿ ಹಿಡಿಯುವಳು, ಉಳಿದವರು ಅವಳ ಸೆರಗು ಹಿಡಿದು ಹತ್ತುವರು. ಗೇಟಿನಲ್ಲಿ ಹೆಡ್‌ಮಾಸ್ಟರ ಕೈ ಮೇಲೇಳುವುದು.

ತಾಲ್ಲೂಕು ಮಟ್ಟದಲ್ಲಿ ಗೆದ್ದೆವು. ಜಿಲ್ಲಾ ಮಟ್ಟದ್ದು ತೀರ್ಥಹಳ್ಳಿಯಲ್ಲಿ ಎಂದಾಯಿತು, ಮೂರು ವಾರವಿತ್ತು. ದಿನಾ ಸಂಜೆ ಎರಡು ಗಂಟೆ ಪ್ರಾಕ್ಟೀಸ್ ಇಟ್ಟೆ. ಆ ವಾರ ಮಳೆ ಒಂದು ಗಳಿಗೆ ಬಿಡಲಿಲ್ಲ.

ಮೊದಲ ವಾರದ ಕೊನೆಗೆ ಬೆಳಗ್ಗೆ ಹಾಜರಿ ಕೂಗಿದಾಗ ಪೂರ್ಣಿಯ “ಯೆಸ್ ಮೇಡಂ” ಕೇಳಿಸಲಿಲ್ಲ. ತಲೆ ಎತ್ತಿ ನೋಡಿದೆ. ತುಟಿ ಆಡಿತ್ತು, ಬಂದಿದ್ದು ಬರೀ ಗಾಳಿ. ಸಂಜೆ ಹಾಡುವಾಗ ಕರಕರ ಶುರುವಾಗಿತ್ತು. ನನಗೆ ಅತ್ತೆಯ ಮಾತು ನೆನಪಾಯಿತು, ಒಡೆಯುತ್ತಿದೆ, ಇನ್ನು ಕೂಡುತ್ತದೆ. ಆ ಮಗುವಿಗೆ ಶಾಭಾಸ್ ಎಂದೆ. ಹಾಗೆ ಅಂದವಳು ನಾನೇ. ಆಮೇಲೆ ಗೋಡೆ ತಟ್ಟಿ ಗಿರಿಜಮ್ಮನನ್ನು ಕರೆದು, ಕಾಳುಮೆಣಸು ಶುಂಠಿ ಹಾಕಿ ಖಾರವಾಗಿ ಕಷಾಯ ಕುದಿಸಿ ದಿನಾ ಪ್ರಾಕ್ಟೀಸಿಗೆ ಮೊದಲು ಕೊಡಬೇಕು ಎಂದು ಹೇಳಿದೆ. ಸುಟ್ಟ ಗಂಟಲಿಗೆ ಇನ್ನಷ್ಟು ಖಾರ. ಕುಡಿದ ಮೇಲೆ ಐದು ನಿಮಿಷ ಗಂಟಲು ತೆರೆದ ಹಾಗೆ ಅನಿಸುತ್ತದೆ, ಅದೇ ಮೋಸ.

ಎರಡನೇ ವಾರ ಗಿರಿಜಮ್ಮ ಕಷಾಯದ ಲೋಟ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು.

“ಮೇಡಂ, ಒಂದು ಮಾತು. ಹುಡುಗಿ ಮನೇಲಿ ಮಾತೇ ಆಡ್ತಿಲ್ಲ ಕಣ್ರಿ. ಊಟ ಬೇಕಾ ಅಂದ್ರೆ ಕೈ ಸನ್ನೆ ಮಾಡ್ತಾಳೆ. ಇಲ್ಲಿ ಹಾಡಕ್ಕೆ ಅಂತ ಉಳಿಸ್ಕಂತಾಳೆ ಅನ್ಸತ್ತೆ.”

“ಒಳ್ಳೇದೇ ಅಲ್ವಾ ಗಿರಿಜಮ್ಮ? ಶ್ರದ್ಧೆ ಅಂದ್ರೆ ಅದು.”

“ನೋವಾಗ್ತದಾ ಕೇಳಿದ್ರೆ ಇಲ್ಲ ಅಂತ ತಲೆ ಆಡಿಸ್ತಾಳೆ. ನಂಗೆ ಇದೆಲ್ಲ ತಿಳಿಯಲ್ಲ. ಇದು ಪಾಠದಲ್ಲಿ ಇರೋದೇನಾ ಮೇಡಂ, ಇಲ್ಲಾ ಕಾಯಿಲೆನಾ?”

“ಪಾಠದಲ್ಲಿ ಇರೋದೇ” ಎಂದೆ. ಗಿರಿಜಮ್ಮ ನಂಬಿದರು. ಓದಿದವಳು, ಮೇಡಂ, ಎದುರು ಹಾರ್ಮೋನಿಯಂ ಇಟ್ಟುಕೊಂಡವಳು ಹೇಳಿದ ಮೇಲೆ ಯಾಕೆ ನಂಬಬಾರದು? ಲೋಟ ಮಗಳ ಕೈಗೆ ಕೊಟ್ಟು, ಅವಳು ಕುಡಿಯುವ ತನಕ ನಿಂತು, ಖಾಲಿ ಲೋಟ ತೆಗೆದುಕೊಂಡು ಹೋದರು. ಅವತ್ತು ಒಂದೇ ಒಂದು ದಿನ ಪ್ರಾಕ್ಟೀಸ್ ನಿಲ್ಲಿಸಿದ್ದರೂ ಈ ಕಥೆ ಬೇರೆ ಇರುತ್ತಿತ್ತು.

ತೀರ್ಥಹಳ್ಳಿಗೆ ಬೆಳಗಿನ ಬಸ್ಸಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಮಕ್ಕಳು ಹಾಡುತ್ತಿದ್ದರು, ಪೂರ್ಣಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಸಭಾಂಗಣದಲ್ಲಿ ನಮ್ಮ ಸರದಿ ಹನ್ನೊಂದನೆಯದು. ಕಾಯುತ್ತಾ ಕಾಯುತ್ತಾ ಬೇರೆ ತಂಡಗಳ ತಪ್ಪು ಎಣಿಸುತ್ತ ಕೂತೆ. ಹೆಡ್‌ಮಾಸ್ಟರು ಎರಡನೇ ಸಾಲಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕೂತಿದ್ದರು. ಪೂರ್ಣಿ ಬಂದು ನನ್ನ ಸೆರಗು ಎಳೆದಳು. ಏನೋ ಹೇಳಲು ನೋಡಿದಳು. ನಾನು “ಮಾತಾಡ್ಬೇಡ, ಗಂಟಲು ಉಳಿಸ್ಕೋ” ಎಂದು ಬಾಯಿ ಮುಚ್ಚಿಸಿದೆ. ಅವಳು ಏನು ಹೇಳಬೇಕೆಂದಿದ್ದಳು ಎಂದು ನನಗೆ ಆಗಲೂ ಗೊತ್ತಿತ್ತು, ಈಗಲೂ ಗೊತ್ತಿದೆ.

ಪಲ್ಲವಿ ಸರಿಯಾಗಿ ಬಂತು. ಮೊದಲ ಚರಣವೂ ಬಂತು. ಕರಕರ ಇತ್ತು, ಆದರೆ ಎಂಟು ದನಿಯಲ್ಲಿ ಮುಚ್ಚಿಹೋಯಿತು. ಎರಡನೇ ಚರಣ ಹತ್ತತೊಡಗಿತು. ನಾನು ಹಾರ್ಮೋನಿಯಂ ಮೇಲೆ ಬಗ್ಗಿ ಕಣ್ಣು ಅವಳ ಮುಖದ ಮೇಲೇ ಇಟ್ಟಿದ್ದೆ. ಷಡ್ಜ ದಾಟಿದಳು, ಗಾಂಧಾರ ದಾಟಿದಳು, ಕತ್ತಿನ ನರ ಹಗ್ಗದ ಹಾಗೆ ಎದ್ದಿತು. ಪಂಚಮಕ್ಕೆ ಬಾಯಿ ತೆರೆದಳು.

ಏನೂ ಬರಲಿಲ್ಲ.

ಅಪಸ್ವರವಲ್ಲ, ಒಡಕು ದನಿಯೂ ಅಲ್ಲ. ಬಾಯಿ ಪೂರ್ತಿ ತೆರೆದಿದೆ, ಒಳಗಿಂದ ಏನೂ ಬರುತ್ತಿಲ್ಲ. ಅವಳನ್ನೇ ಹಿಡಿದು ಹತ್ತುತ್ತಿದ್ದ ಏಳು ಮಕ್ಕಳೂ ಒಟ್ಟಿಗೆ ನಿಂತರು. ಇಡೀ ಸಭಾಂಗಣದಲ್ಲಿ ನನ್ನ ಹಾರ್ಮೋನಿಯಂ ಒಂದೇ ಪಂಚಮ ಹಿಡಿದು ಬಡಕೊಳ್ಳುತ್ತಿತ್ತು.

ಇನ್ನು ಮುಂದಿನದನ್ನು ನಾನು ಇಲ್ಲಿಯವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ನಾನು ನಿಲ್ಲಿಸಲಿಲ್ಲ. ಹಾರ್ಮೋನಿಯಂನಲ್ಲಿ ಚರಣವನ್ನು ಮತ್ತೆ ಮೊದಲಿಂದ ಹಿಡಿದು, ಅವಳನ್ನು ನೋಡಿ, ತಲೆ ಎತ್ತಿ, ಕಣ್ಣಲ್ಲೇ ‘ಹಾಡು’ ಎಂದೆ. ಹದಿನಾಲ್ಕು ವರ್ಷದ ಹುಡುಗಿ ಮೇಡಂ ಹೇಳಿದರೆಂದು ಮತ್ತೆ ಉಸಿರೆಳೆದುಕೊಂಡು ಬಾಯಿ ತೆರೆದಳು. ಮತ್ತೆ ಏನೂ ಇಲ್ಲ. ಅವಳ ಕಣ್ಣಲ್ಲಿ ನೀರು ಬಂತು, ಬಾಯಿ ಮಾತ್ರ ಮುಚ್ಚಲಿಲ್ಲ. ನಾನು ಇನ್ನೂ ಹೇಳಿಲ್ಲವಲ್ಲ, ಮುಚ್ಚು ಎಂದು.

ತಿದಿ ಬಿಟ್ಟೆ. ಮಕ್ಕಳನ್ನು ಕೆಳಗಿಳಿಸಿಕೊಂಡು ಬಂದೆ. ವಾಪಸು ಬರುವಾಗ ಬಸ್ಸಿನಲ್ಲಿ ಯಾರೂ ಹಾಡಲಿಲ್ಲ.

ಎರಡು ದಿನ ಬಿಟ್ಟು ಗಿರಿಜಮ್ಮ, ಪೂರ್ಣಿ, ನಾನು ಮೂವರೂ ಶಿವಮೊಗ್ಗಕ್ಕೆ ಹೋದೆವು. ಗಂಟಲಿನ ಡಾಕ್ಟರು ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ಟಿವಿಯಲ್ಲಿ ತೋರಿಸಿದರು. ದನಿ ಹುಟ್ಟುವ ಆ ಎರಡು ಎಳೆಗಳ ಮೇಲೆ ಎದುರುಬದುರಾಗಿ ಎರಡು ಬಿಳಿ ಗಂಟು. ದಿನಾ ಕತ್ತಿ ಹಿಡಿಯುವವರ ಅಂಗೈಯಲ್ಲಿ ಜಡ್ಡು ಕಟ್ಟುವುದಿಲ್ಲವೇ, ಹಾಗೆ ಇದು ಕೂಗಿ ಕೂಗಿ ಕಟ್ಟಿದ್ದು ಎಂದರು. ಹತ್ತು ದಿನ ಪೂರ್ತಿ ಮೌನ. ಪಿಸುಮಾತೂ ಕೂಡದು. ಆಮೇಲೆ ಮೂರು ತಿಂಗಳು ಅಭ್ಯಾಸ. ಕರಗಿದರೆ ಸರಿ, ಇಲ್ಲದಿದ್ದರೆ ಆಪರೇಷನ್. ದನಿ ಮೊದಲಿನ ಹಾಗೇ ಬರುತ್ತದೆಂದು ಹೇಳಲಾಗದು.

ಅಲ್ಲೇ ಪಕ್ಕದ ಕೋಣೆಯಲ್ಲಿ ದನಿಯ ಅಭ್ಯಾಸ ಮಾಡಿಸುವ ಒಬ್ಬ ಹೆಣ್ಣುಮಗಳು ಇದ್ದಳು. ಅನುಷಾ, ನಿನ್ನ ವಯಸ್ಸಿನವಳೇ. ಪೂರ್ಣಿಯ ಕೈಗೆ ಸ್ಲೇಟು ಕೊಟ್ಟು ಅವಳು ಕೇಳಿದ ಮೊದಲ ಪ್ರಶ್ನೆ ಇದು: “ನಿಂಗೆ ಯಾವ ಶ್ರುತಿ ಸುಲಭ ಪುಟ್ಟಿ? ಎಷ್ಟಕ್ಕೆ ಹಾಡಿದ್ರೆ ಆರಾಮಾಗಿರತ್ತೆ?”

ಪೂರ್ಣಿ ಸ್ಲೇಟಿನ ಮೇಲೆ ಬರೆದಳು: ಗೊತ್ತಿಲ್ಲ. ಯಾರೂ ಕೇಳಿಲ್ಲ.

ಅವಳು ದೂರು ಹೇಳಲಿಲ್ಲ, ಇದ್ದದ್ದನ್ನು ಬರೆದಳು ಅಷ್ಟೇ. ಆ ಹೆಣ್ಣುಮಗಳು ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಗಿರಿಜಮ್ಮ ನನ್ನನ್ನು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಕಷಾಯ ಕುದಿಸಿ ಕೊಟ್ಟಿದ್ದು ನಾನೇ ಅಲ್ವಾ ಮೇಡಂ” ಎಂದರು. “ಕುಡಿಯಲ್ಲ ಅಂತ ಒಂದಿನ ಮುಖ ತಿರುಗಿಸಿದ್ಲು. ಮೇಡಂ ಹೇಳಿದಾರೆ ಕುಡಿ ಅಂತ ಗದರಿಸಿದೆ.”

ತಪ್ಪು ನನ್ನದು ಎಂದು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಟೀಚರುಗಳಿಗೆ ಬಾರದ ವಿದ್ಯೆ ಅದೊಂದೇ.

ಹತ್ತು ದಿನ ಪೂರ್ಣಿ ಸ್ಲೇಟು ನೇತುಹಾಕಿಕೊಂಡು ಶಾಲೆಗೆ ಬಂದಳು. ನಾನು ಹಾಜರಿ ಕೂಗುವಾಗ ಅವಳ ಹೆಸರಿಗೆ ಬಂದರೆ ಕೂಗದೆ ಗುರುತು ಹಾಕಿ ಮುಂದೆ ಹೋಗುತ್ತಿದ್ದೆ. ಹನ್ನೊಂದನೇ ದಿನದಿಂದ ಅಭ್ಯಾಸ. ಒಂದು ಲೋಟ ನೀರಿಗೆ ಸ್ಟ್ರಾ ಇಳಿಸಿ, ‘ಊ’ ಎಂದು ಮೆಲ್ಲಗೆ ದನಿ ಕೊಡುತ್ತ ಗುಳ್ಳೆ ಎಬ್ಬಿಸಬೇಕು. ಗುಳ್ಳೆ ಒಂದೇ ಸಮ ಬರಬೇಕು. ಬಾಯಿ ಮುಂದೆ ನೀರಿನ ಒತ್ತು ಇರುವುದರಿಂದ ಆ ಎಳೆಗಳು ಒಂದಕ್ಕೊಂದು ಬಡಿದುಕೊಳ್ಳದೆ ಮೆತ್ತಗೆ ತಾಗುತ್ತವಂತೆ. ನಮ್ಮೂರಿನ ಅಂಗಡಿಯಲ್ಲಿ ಎಳನೀರಿಗೂ ಸ್ಟ್ರಾ ಇಡುತ್ತಿರಲಿಲ್ಲ. ಗಿರಿಜಮ್ಮ ಪಪ್ಪಾಯಿ ಎಲೆಯ ದಂಟು ತಂದರು, ಮಕ್ಕಳು ಪೀಪಿ ಊದುತ್ತಾರಲ್ಲ, ಅದೇ ಟೊಳ್ಳು ದಂಟು. ಮೊದಲ ದಿನ ಅದರ ಹಾಲು ತಾಗಿ ಹುಡುಗಿಯ ತುಟಿ ಊದಿಕೊಂಡಿತು. ನಾನೂ ಒಂದು ದಂಟು ಊದಿದ್ದರಿಂದ ನನ್ನದೂ. ಸ್ಟಾಫ್ ರೂಮಿನಲ್ಲಿ ಎರಡು ದಿನ ಕರವಸ್ತ್ರ ಮುಚ್ಚಿಕೊಂಡು ಕೂತೆ. ಆಮೇಲೆ ದಂಟನ್ನು ತೊಳೆದು ಬಿಸಿಲಿಗೆ, ಬಿಸಿಲಿಲ್ಲದಿದ್ದರೆ ಒಲೆಯ ಕಟ್ಟೆಗೆ ಒಣಗಿಸಿ ಕೊಡುವುದನ್ನು ಗಿರಿಜಮ್ಮ ರೂಢಿ ಮಾಡಿದರು.

ದಿನಾ ಬೆಳಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ನಾನು ಎದುರು ಕೂತು ಲೋಟ ನೋಡುತ್ತಿದ್ದೆ. ಕೆಳಗಿನ ಸ್ವರಗಳಲ್ಲಿ ಗುಳ್ಳೆ ಸರಾಗ ಬರುವುದು. ಸ್ವಲ್ಪ ಮೇಲೇರಿದರೆ ಒಂದು ಜಾಗದಲ್ಲಿ ಪಟ್ಟನೆ ಕಡಿದುಹೋಗುವುದು. ದಿನಾ ಅದೇ ಜಾಗ. ಕಡಿದಾಗಲೆಲ್ಲ ಅವಳು ನನ್ನ ಮುಖ ನೋಡುವಳು, ನಾನು ಏನೂ ಆಗದವಳ ಹಾಗೆ “ಇನ್ನೊಂದ್ಸಲ, ನಿಧಾನ” ಎನ್ನುತ್ತಿದ್ದೆ. ಒಳಗೊಳಗೇ ದೇವರಿಗೆ ಹೇಳಿಕೊಂಡದ್ದಕ್ಕೆ ಲೆಕ್ಕವಿಲ್ಲ. ಸಿಗಂದೂರು ದೇವಿಗೂ ಹರಕೆ ಹೊತ್ತೆ, ಅಲ್ಲಿಗೆ ಹಿನ್ನೀರು ದಾಟುವ ಲಾಂಚಿನಲ್ಲಿ ಕೂತಾಗಲೂ ಕಣ್ಣೆದುರು ಆ ಲೋಟವೇ.

ಉಳಿದ ಮಕ್ಕಳ ಪ್ರಾಕ್ಟೀಸ್ ನಿಲ್ಲಿಸಿಬಿಟ್ಟಿದ್ದೆ. ಹೆಡ್‌ಮಾಸ್ಟರು ಕರೆಸಿದರು. ಬೇರೆ ಹುಡುಗಿಯನ್ನು ತಯಾರು ಮಾಡಿ ಎನ್ನುತ್ತಾರೆ, ಹೇಳಿದರೆ ರಾಜೀನಾಮೆ ಬರೆದುಕೊಡುವುದು ಎಂದು ಸಿದ್ಧವಾಗಿಯೇ ಹೋದೆ. ಅವರು ಸ್ವಲ್ಪ ಹೊತ್ತು ಪೇಪರ್‌ವೇಟ್ ತಿರುಗಿಸಿದರು.

“ಆ ಹುಡುಗಿ ಸ್ಲೇಟಲ್ಲಿ ನಂಗೆ ‘ನಮಸ್ತೆ ಸರ್’ ಅಂತ ಬರ್ದು ತೋರಿಸ್ತು ಮೇಡಂ. ಎರಡು ದಿನ ನಂಗೆ ನಿದ್ದೆ ಬರ್ಲಿಲ್ಲ. ಗೇಟಲ್ಲಿ ಕೊಡೆ ಅಲ್ಲಾಡಿಸಿದ್ದು ನಾನೇ ಅಲ್ವಾ?”

ಪೇಪರ್‌ವೇಟ್ ಕೆಳಗಿಟ್ಟರು.

“ಇನ್ಮೇಲೆ ಹಾಡ್ಸೋದಾದ್ರೆ ನನ್ನ ರೂಮಲ್ಲಿ ಹಾಡ್ಸಿ. ಇದಕ್ಕೆ ಆರ್‌ಸಿಸಿ ಐತೆ, ಮಳೆ ಸದ್ದು ಬರಾಕಿಲ್ಲ. ನಾನು ಆಚೆ ಕೂತ್ಕಂತೀನಿ.”

ಜೀವನದಲ್ಲಿ ಬಹಳ ಮೇಲಧಿಕಾರಿಗಳನ್ನು ಕಂಡಿದ್ದೇನೆ. ತಪ್ಪು ಒಪ್ಪಿಕೊಳ್ಳಲು ನನಗಿಂತ ಮೊದಲು ಬಾಯಿ ತೆರೆದವರು ಅವರೊಬ್ಬರೇ. ಆ ದಿನದಿಂದ ಪ್ರಾಕ್ಟೀಸ್ ಅವರ ಕೋಣೆಯಲ್ಲಿ, ಅವರು ವರಾಂಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು.

ಅಲ್ಲಿ ನಾನು ಕೆಲಸವನ್ನು ಮತ್ತೆ ಅಕ್ಷರಾಭ್ಯಾಸದಿಂದ ಕಲಿತೆ. ಪ್ರತಿ ಮಗುವನ್ನೂ ಬೇರೆ ಬೇರೆ ಕರೆದು ಮನೆಯ ಸುದ್ದಿ ಕೇಳುವುದು. ಮಾತಾಡುವಾಗ ದನಿ ಎಲ್ಲಿ ಕೂರುತ್ತದೋ ಅದನ್ನು ಹಾರ್ಮೋನಿಯಂನಲ್ಲಿ ಹುಡುಕಿ ಗುರುತು ಹಾಕುವುದು. ಎಂಟು ಗುರುತುಗಳನ್ನು ನೋಡಿ ಎಲ್ಲರಿಗೂ ಆಗುವ ಶ್ರುತಿ ಇಡುವುದು, ಹಾಡು ಅದಕ್ಕೂ ಹೊಂದದಿದ್ದರೆ ಹಾಡನ್ನೇ ಬದಲಿಸುವುದು. ಮೊದಲ ಹತ್ತು ನಿಮಿಷ ತುಟಿ ಮುಚ್ಚಿ ಗುಂಯ್‌ಗುಡುವುದು ಮಾತ್ರ. ಉದ್ದದ ಸಾಲಿನಲ್ಲಿ ಎಲ್ಲರೂ ಒಂದೇ ಕಡೆ ಉಸಿರು ತೆಗೆದುಕೊಂಡರೆ ಹಾಡು ಅಲ್ಲಿ ತುಂಡಾಗುತ್ತದೆ, ಆದ್ದರಿಂದ ಪಕ್ಕದವನು ಹಾಡುತ್ತಿರುವಾಗ ನೀನು ಕದ್ದು ಉಸಿರೆಳೆದುಕೋ ಎಂದು ಹೇಳಿಕೊಟ್ಟೆ. ಇದು ಬಂದ ದಿನ ಮಕ್ಕಳಿಗೆ ಮುಗಿಯದ ನಗು. ಎಲ್ಲಕ್ಕಿಂತ ಕಷ್ಟವಾದದ್ದು ನನ್ನ ಬಾಯಿ ಮುಚ್ಚುವುದು. ಮಕ್ಕಳ ಜೊತೆ ನಾನೂ ಹಾಡುತ್ತಿದ್ದರೆ ನನಗೆ ಕೇಳುವುದು ನನ್ನ ದನಿಯೇ, ಅವರದಲ್ಲ.

ಎರಡು ತಿಂಗಳು ಕಳೆದಿತ್ತು. ಒಂದು ಬೆಳಗ್ಗೆ ಹಿಂದಿನ ಶೀಟಿನ ಕೋಣೆಯಲ್ಲಿ ಪೂರ್ಣಿ ದಂಟು ಊದುತ್ತ ಮೇಲೇರಿದಳು. ಆ ಜಾಗ ಬಂತು. ನಾನು ಲೋಟದ ಮೇಲೆ ಬಗ್ಗಿದೆ. ಗುಳ್ಳೆ ನಡುಗಿತು, ಕಡಿಯಲಿಲ್ಲ, ದಾಟಿಹೋಯಿತು. ಅವಳು ದಂಟು ತೆಗೆದು ಬಾಯಲ್ಲೇ “ಊ” ಎಂದಳು. ಮೆತ್ತಗೆ, ತಗ್ಗಿನಲ್ಲಿ, ಕರಕರ ಇಲ್ಲದೆ. ಗೋಡೆಯ ಆಚೆ ಪಾತ್ರೆಯೊಂದು ನೆಲಕ್ಕೆ ಬಿದ್ದ ಸದ್ದಾಯಿತು. ಗಿರಿಜಮ್ಮ ಕೈ ಒರೆಸಿಕೊಳ್ಳದೆ ಓಡಿ ಬಂದರು. ನಾನು ಅವರ ಎದುರೇ ಅತ್ತುಬಿಟ್ಟೆ.

ಆಪರೇಷನ್ ತಪ್ಪಿತು, ಗಂಟು ಕರಗಿತು. ಆದರೆ ಬಾವಿಯ ಮೊದಲ ಕೊಡದ ಹಾಗಿದ್ದ ಆ ದನಿ ವಾಪಸು ಬರಲಿಲ್ಲ. ಬಂದದ್ದು ಬೇರೆಯೇ ದನಿ, ಇನ್ನೂ ತಗ್ಗು, ಸ್ವಲ್ಪ ಒರಟು. ಮೇಲಿನ ಪಂಚಮ ಮತ್ತೆಂದೂ ಅವಳಿಗೆ ಎಟುಕಲಿಲ್ಲ. ಕಪ್ಪು ಮೂರಕ್ಕೆ ಇಟ್ಟರೆ ಚೆನ್ನಾಗಿ ಹಾಡುತ್ತಿದ್ದಳು. ಹತ್ತನೇ ತರಗತಿ ಮುಗಿಸಿ ಹೋದಳು. ಹೋಗುವ ದಿನ ಕಾಲಿಗೆ ಬಿದ್ದಳು. ಅವತ್ತೂ ನನ್ನ ನಾಲಿಗೆ ಏಳಲಿಲ್ಲ.

ಆಮೇಲೆ ತೀರ್ಥಹಳ್ಳಿಗೆ ವರ್ಗವಾಯಿತು, ಅಲ್ಲಿಂದ ಸಾಗರಕ್ಕೆ. ತಗ್ಗಿನ ಶ್ರುತಿಯಲ್ಲಿ ಹಾಡಿಸುತ್ತೇನೆಂದು ನನ್ನ ತಂಡಗಳು ಸೋತದ್ದೇ ಹೆಚ್ಚು. ತೀರ್ಪುಗಾರರೊಬ್ಬರು ‘ಕಸುವು ಸಾಲದು’ ಎಂದರು. ಪರಿಶೀಲನೆಗೆ ಬಂದ ಸಾಹೇಬರೊಬ್ಬರು “ಏನು ಮೇಡಂ, ಮಕ್ಕಳಿಗೆ ಊಟ ಹಾಕಲ್ವಾ?” ಎಂದು ನಕ್ಕರು. “ಹಾಕ್ತೀವಿ ಸರ್, ಹಾಡಾದ್ಮೇಲೂ ಅವರು ಮಾತಾಡಿ ನಗೋ ಹಾಗಿರಲಿ ಅಂತ ಕೂಗು ಸ್ವಲ್ಪ ಕಮ್ಮಿ ಮಾಡಿಸ್ತೀವಿ” ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆಗಬೇಕೆಂದು ನಾನೂ ಹೇಳಿರಲಿಲ್ಲ. ಮಳೆ ಜೋರಾದರೆ ಮಕ್ಕಳನ್ನು ಸುಮ್ಮನೆ ಕೂರಿಸಿ ಕೈಯಲ್ಲಿ ತಾಳ ಹಾಕಿಸುತ್ತಿದ್ದೆ. ಅತ್ತೆಗೆ ಒಮ್ಮೆ ಇದನ್ನೆಲ್ಲ ಹೇಳಿದಾಗ ಅವರು, “ನನ್ನ ತಂಗಿ ಹಾಡೂದು ಬಿಟ್ಟದ್ದು ಅದಕ್ಕೇ ಆಗಿಕ್ಕೇನ” ಎಂದರು. ಆ ಚಿಕ್ಕತ್ತೆ ಒಂದು ಕಾಲಕ್ಕೆ ಹಾಡುತ್ತಿದ್ದರೆಂದು ನನಗೆ ಗೊತ್ತಾದದ್ದೇ ಅವತ್ತು.

ನಿವೃತ್ತಿಯ ದಿನ ಸಾಗರದ ಶಾಲೆಯಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ಹಾರ, ಶಾಲು, ಭಾಷಣ ಎಲ್ಲ ಮುಗಿಯಿತು. ಹಳೆಯ ವಿದ್ಯಾರ್ಥಿಗಳು ಒಂದು ಹಾಡು ಹೇಳುತ್ತಾರೆ, ಮೇಡಂ ಜೊತೆಗೆ ಹಾಡಬೇಕು ಎಂದು ಘೋಷಣೆಯಾಯಿತು. ಹತ್ತು ಹನ್ನೆರಡು ಜನ ವೇದಿಕೆಗೆ ಬಂದರು. ಹಾರ್ಮೋನಿಯಂ ಹಿಡಿದು ಮುಂದೆ ಬಂದವಳು ಪೂರ್ಣಿ. ಹೊಸನಗರದಲ್ಲಿ ಟೈಲರಿಂಗ್ ಅಂಗಡಿ ಇಟ್ಟುಕೊಂಡು, ಅಲ್ಲಿಯ ಹೆಂಗಸರಿಗೆ ಭಜನೆ ಹೇಳಿಕೊಡುತ್ತಾಳೆ ಎಂದು ಕೇಳಿದ್ದೆ. ನೋಡಿ ಎಷ್ಟೋ ವರ್ಷವಾಗಿತ್ತು. ಹಿಂದೆ ಗಿರಿಜಮ್ಮ, ತಲೆ ಪೂರ್ತಿ ನೆರೆತಿತ್ತು, ಕೈಯಲ್ಲಿ ಫ್ಲಾಸ್ಕು.

“ಹಾಡೋ ಮುಂಚೆ ಕುಡೀರಿ ಮೇಡಂ” ಎಂದು ಲೋಟಕ್ಕೆ ಬಗ್ಗಿಸಿದರು. ನಾನು ಹಿಂದೆಮುಂದೆ ನೋಡಿದೆ. ಅವರು ನಕ್ಕರು. “ಬರೀ ಬಿಸಿನೀರು ಮಾರಾಯ್ರೆ. ಕಷಾಯ ಅಲ್ಲ.”

ನಾನೂ ನಕ್ಕೆ, ನಕ್ಕ ಬೆನ್ನಿಗೇ ಕಣ್ಣು ತುಂಬಿತು. ಅರವತ್ತು ವರ್ಷದ ಗಂಟಲು ನನ್ನದು. ಕಪ್ಪು ಐದು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ನಾಲ್ಕು ಜನರೆದುರು ದನಿ ಒಡೆದರೆ ಏನು ಗತಿ ಎಂದು ಖಾಲಿ ಲೋಟ ಹಿಡಿದುಕೊಂಡೇ ನಿಂತಿದ್ದೆ. ತೀರ್ಥಹಳ್ಳಿಯಲ್ಲಿ ಅವಳಿಗೆ ಹೇಗಾಗಿತ್ತೆಂದು ಅವತ್ತು ನನಗೆ ಗೊತ್ತಾಯಿತು.

ಪೂರ್ಣಿಯ ಪಕ್ಕ ಕೂತೆ. ಮೈಕಿಗೆ ಕೇಳದ ಹಾಗೆ, ಇಷ್ಟು ವರ್ಷ ಏಳದ ನಾಲಿಗೆಯನ್ನು ಎಬ್ಬಿಸಿ ಹೇಳಿದೆ.

“ತಪ್ಪಾಯ್ತು ಪೂರ್ಣಿ. ಅವತ್ತು ಎರಡನೇ ಸಲ ನಿನ್ನ ಹಾಡಿಸ್ಬಾರ್ದಿತ್ತು.”

ಅವಳು ಹಾರ್ಮೋನಿಯಂನ ಮೇಲಿಟ್ಟ ಕೈ ತೆಗೆಯಲಿಲ್ಲ. ನನ್ನನ್ನು ನೋಡಿದಳು. ಅದೇ ತಗ್ಗಿನ, ಸ್ವಲ್ಪ ಒರಟಾದ ದನಿಯಲ್ಲಿ ಹೇಳಿದಳು.

“ಅದನ್ನ ಆಮೇಲೆ ಮಾತಾಡೋಣ ಮೇಡಂ. ಮೊದ್ಲು ಶ್ರುತಿ ಹೇಳಿ. ನಿಮಗೆ ಎಷ್ಟಕ್ಕೆ ಇಡಲಿ?”